ಹೂಂ ಅನ್ನಲು ಜಾಗ

ಪುಸ್ತಕ ಓದಿ ಹೇಳುವವರ ಬಗ್ಗೆ ನನಗೆ ಕೆಲವು ಹಟಮಾರಿ ಅಭಿಪ್ರಾಯಗಳಿವೆ. ಮೂಡಲಗಿಯಲ್ಲಿ ಮನೆಯಲ್ಲೇ ಜಂಪರು ಹೊಲಿಯುವವಳು ನಾನು. ಮಷಿನ್ ನಿಲ್ಲಿಸಿ ಹುಕ್ಕು ಹಚ್ಚಲು ಕೂತಾಗ ಕೈಗೆ ಕೆಲಸ, ಕಿವಿಗೆ ರಜೆ. ಆಗ ಮೊಬೈಲಿನಲ್ಲಿ ಪುಸ್ತಕ ಕೇಳುತ್ತೇನೆ. ಕತೆ ಕಾದಂಬರಿ ಬೇಡ, ನಿಜವಾಗಿ ಇರುವುದು, ನಿಜವಾಗಿ ನಡೆದದ್ದು ಬೇಕು. ಜೇನುನೊಣದ ಪುಸ್ತಕಕ್ಕೆ ಹಿಂದೆ ವೀಣೆ ಬಾರಿಸಿದರೆ ನನಗೆ ಮೈ ಉರಿಯುತ್ತದೆ. ನೊಣವೇ ಗುಂಯ್‌ಗುಡುತ್ತದಲ್ಲ, ಮತ್ತೆ ವೀಣೆ ಯಾಕೆ? ಊರ ಹೆಸರು ಬಂದರೆ ಸಾಕು, ಬಸ್ ಸ್ಟ್ಯಾಂಡಿನ ಕಂಡಕ್ಟರನಂತೆ ಒದರಿ ಮುಗಿಸುವವರೂ ಇದ್ದಾರೆ. ಕೆರೆಗಳ ಬಗ್ಗೆ ತಾನು ಬರೆದದ್ದನ್ನು ತಾನೇ ಓದಿದ ಒಬ್ಬ ಹೆಂಗಸಿನ ದನಿ ಮಾತ್ರ ನನಗೆ ಅಚ್ಚುಮೆಚ್ಚು. ಅವಳಿಗೆ ನೆಗಡಿಯಾಗಿತ್ತು, ನಡುವೆ ಹಾಳೆ ತಿರುವಿದ ಸಪ್ಪಳವೂ ಕೇಳುತ್ತಿತ್ತು. ಮನೆಗೆ ಬಂದು ಪಕ್ಕದಲ್ಲಿ ಕೂತು ಹೇಳಿದ ಹಾಗಿತ್ತು.

ಹೀಗೆ ತಪ್ಪು ಹುಡುಕಿ ಎಲ್ಲರಿಗೂ ಹೆಸರಿಡುವ ಚಾಳಿ ನನಗೆ ಅಂಟಿದ್ದು ಅತ್ತೆಯಿಂದ. ಶ್ರಾವಣದಲ್ಲಿ ಮಠದ ಪುರಾಣ ಕೇಳಿ ಬಂದರೆ ಚಪ್ಪಲಿ ಬಿಡುವ ಮೊದಲೇ ತೀರ್ಪು ಸಿದ್ಧ. "ಇವತ್ತಿನವ್ರು ಬರೇ ಗಂಟಲಾ ಹರಕೊಂಡ್ರು. ಒಳಗ ಏನೂ ಇಲ್ಲ." ನನ್ನ ರೊಟ್ಟಿಗೂ ಹೊಲಿಗೆಗೂ ಅದೇ ನ್ಯಾಯ. ನಾವಿಬ್ಬರೂ ದಿನಕ್ಕೊಮ್ಮೆ ಬಾಯಿ ಮಾಡದಿದ್ದರೆ ಪಕ್ಕದ ಮನೆಯವರು ಬಂದು, "ಎಲ್ಲಾರೂ ಆರಾಮ ಅದೀರೇನ್ರಿ?" ಅಂತ ವಿಚಾರಿಸುತ್ತಿದ್ದರು.

ಹೋದ ವರ್ಷ ಅತ್ತೆಗೆ ಲಕ್ವಾ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತೂ ಹೋಯಿತು. ಗೋಕಾಕದ ಡಾಕ್ಟರು, "ಮಾತು ತಿರುಗಿ ಬರಬಹುದ್ರಿ, ಬರದೇನೂ ಇರಬಹುದು. ಅವ್ರ ಕಿವಿ ಖಾಲಿ ಬಿಡಬ್ಯಾಡ್ರಿ," ಅಂದರು. ಬಸ್ಸಿನಲ್ಲಿ ತಿರುಗಿ ಬರುವಾಗ ಅತ್ತೆ ನನ್ನ ಹೆಗಲಿಗೆ ತಲೆ ಇಟ್ಟಿದ್ದರು. ಜಗಳಾಡುವವರಿಲ್ಲದ ಮನೆಗೆ ಹೋಗಲು ನನಗೆ ಭಯವಾಯಿತು.

ಮರುದಿನ ಇಯರ್‌ಫೋನ್ ತೆಗೆದಿಟ್ಟು ಮೊಬೈಲನ್ನು ಅವರ ದಿಂಬಿನ ಹತ್ತಿರ ಇಟ್ಟೆ. ಕೆರೆಯ ಹೆಂಗಸು ಓದತೊಡಗಿದಳು. ಕೆಲವು ವಾರ ಅತ್ತೆ ಮೇಲ್ಛಾವಣಿ ನೋಡುತ್ತಾ ಮಲಗಿದ್ದರು. ಒಂದು ಮಧ್ಯಾಹ್ನ ಸಣ್ಣಗೆ ಕೇಳಿಸಿತು: "ಹೂಂ."

ಹುಕ್ಕೇರಿಯ ಅವರ ತವರಿನಲ್ಲಿ ಹೂಂ ಅನ್ನದವರಿಗೆ ಯಾರೂ ಕತೆ ಹೇಳುತ್ತಿರಲಿಲ್ಲವಂತೆ. ಹೇಳುವವರು ಒಂದು ಮಾತು ಮುಗಿಸಿ ತಡೆಯಬೇಕು, ಕೇಳುವವರು ಹೂಂ ಅನ್ನಬೇಕು, ಆಮೇಲೆ ಮುಂದಿನದು. ಮೊಬೈಲಿಗೆ ಈ ರೀತಿ ರಿವಾಜು ಎಲ್ಲಿಂದ ಬರಬೇಕು? ಅತ್ತೆ ಹೂಂ ಅನ್ನುವಷ್ಟರಲ್ಲಿ ಅದು ಎಲ್ಲೋ ಮುಂದೆ ಹೋಗಿರುತ್ತಿತ್ತು, ಅವರ ಮುಖ ಸಣ್ಣದಾಗುತ್ತಿತ್ತು. ಅದಕ್ಕೇ ನಾನು ಸೂಜಿ ಬದಿಗಿಟ್ಟು, ಒಂದೊಂದು ಮಾತಿಗೂ ಬೆರಳಿಂದ ನಿಲ್ಲಿಸುತ್ತಾ ಕೂತೆ. ನಿಲ್ಲಿಸು, ಹೂಂ, ಬಿಡು. ದೀಪಾವಳಿಯ ಹೊಲಿಗೆ ಹಾಗೇ ಉಳಿಯಿತು. ಗಿರಾಕಿಗಳು ಬೈದರು, ಬೈಯಲಿ. ಆದರೆ ಹೂಂ ದಾಟಿ ಒಂದು ಮಾತೂ ಬರಲಿಲ್ಲ.

ಕೆರೆ ಮುಗಿದ ಮೇಲೆ ಒಬ್ಬ ವೈದ್ಯರ ನೆನಪುಗಳನ್ನು ಹಚ್ಚಿದೆ. ಆ ಪುಸ್ತಕವನ್ನು ಗೋಕಾಕದ ಅಂಗಡಿಯೊಂದರಲ್ಲಿ ಕೊಂಡೂ ಇಟ್ಟಿದ್ದೆ, ಕೇಳಿದ್ದನ್ನು ಕಣ್ಣಿಂದಲೂ ನೋಡುವ ಆಸೆಗೆ. ಓದುವಾತನದು ತುಪ್ಪದಂಥ ದನಿ. ಮಗಳ ಹೆಸರೇ ಮರೆತುಹೋದ ಮುದುಕಿಯೊಬ್ಬಳ ಪ್ರಸಂಗ ಬಂತು. ಆತನ ಕಂಠ ನಡುಗಿತು, ಬಿಕ್ಕಿದ, ಮೂಗೆಳೆದ. ನಾನೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಎಲ್ಲರಿಗೂ ಹೆಸರಿಡುವ ನನ್ನ ಜಾಣತನ ಆ ಹೊತ್ತು ಎಲ್ಲಿಗೆ ಹೋಗಿತ್ತೋ.

"ಬ್ಯಾಡ."

ಸುತ್ತ ನೋಡಿದೆ. ಮನೆಯಲ್ಲಿ ನಾವಿಬ್ಬರೇ.

"ಏನ್ ಬ್ಯಾಡ್ರಿ ಅತ್ತಿ? ಫ್ಯಾನ್ ಬಂದ್ ಮಾಡ್ಲೇನ್ರಿ? ಕೌದಿ ತಗೀಲೇನ್ರಿ?"

ಅತ್ತೆ ಎಡಗೈ ಎತ್ತಿ ಮೊಬೈಲಿನ ಕಡೆ ಬೀಸಿದರು. ಹಣೆ ಗಂಟಿಕ್ಕಿತ್ತು. ಪುರಾಣ ಕೇಳಿ ಬಂದ ದಿನದ ಗಂಟು ಅದೇ.

"ಅಂವ ಬ್ಯಾಡ. ಸುಳ್ಳ... ಅಳತಾನ."

ಮೊದಲು ಮೊಬೈಲಿನ ಬಾಯಿ ಮುಚ್ಚಿಸಿದೆ. ಕಪಾಟಿನಿಂದ ಪುಸ್ತಕ ತಂದು ಅದೇ ಪ್ರಸಂಗ ತೆಗೆದೆ. ಇಷ್ಟು ದಿನ ಊರಿನವರ ಓದಿಗೆಲ್ಲ ಹೆಸರಿಟ್ಟವಳು, ಈಗ ಚಂದ ಓದಬೇಕೆಂದು ಗಂಟಲು ಸರಿಮಾಡಿಕೊಂಡೆ. ಒಂದು ಮಾತು ಓದಿ ತಡೆದೆ.

"ಹೂಂ," ಅಂದರು ಅತ್ತೆ.

ಎರಡನೆಯ ಮಾತಿಗೆ ಅಕ್ಷರಗಳು ಕಲಸಿಹೋದವು, ದನಿ ಒಡೆಯಿತು. ಸಂತೋಷಕ್ಕೆ ಬಂದ ಅಳು, ತಡೆದರೂ ನಿಲ್ಲಲಿಲ್ಲ. ಮುಗಿಯಿತು, ಇನ್ನು ನನಗೂ ತೀರ್ಪು ಕಾದಿದೆ ಅಂದುಕೊಂಡೆ.

ಅತ್ತೆ ನನ್ನ ಮುಖ ನೋಡಿದರು. ತುಟಿಗಳು ಅತ್ತಿತ್ತ ಹೊರಳಿ ಮಾತು ಹುಡುಕಿದವು.

"ನಿಂದ... ಖರೆ ಐತಿ," ಅಂದರು.

ನಾನು ಪುಸ್ತಕ ಮಡಚಿದೆ. ಹೂಂ ಅಂದು, ಅವರ ಮುಂದಿನ ಮಾತಿಗೆ ಕಾಯುತ್ತಾ ಕೂತೆ.