ಅರುಂಧತಿ ಕಂಡಳೇ?

ಬೇಸಿಗೆಯ ಸಂಜೆಗಳಲ್ಲಿ ನನಗೊಂದು ಚಟ. ನೆರೂಳಿನ ನಮ್ಮ ಕಟ್ಟಡದ ಟೆರೇಸಿಗೆ ಹೋಗಿ, ನೀರಿನ ಟ್ಯಾಂಕಿಗೆ ಒರಗಿ, ಕೇಳದವರಿಗೂ ಆಕಾಶ ತೋರಿಸುತ್ತೇನೆ. ಪಶ್ಚಿಮದಲ್ಲಿ ಥಳಥಳ ಹೊಳೆಯುವವನು ಶುಕ್ರ, ಅವನ ಮೇಲೆ ಗುರು. ಮಿನುಗಿದರೆ ನಕ್ಷತ್ರ, ಮಿನುಗದಿದ್ದರೆ ಗ್ರಹ, ದೊಡ್ಡದಾಗುತ್ತ ಬಂದರೆ ವಿಮಾನ. ಇಷ್ಟೇ ಬಂಡವಾಳದಲ್ಲಿ ಸೊಸೈಟಿಯಲ್ಲಿ ಪಂಡಿತ ಎನಿಸಿಕೊಂಡಿದ್ದೇನೆ.

ಮೊನ್ನೆ ಹೆಂಡತಿ ಶಾರದೆಯೂ ಜೊತೆಗೆ ಬಂದಳು. ಉತ್ತರದಲ್ಲಿ ಸಪ್ತರ್ಷಿಗಳು ಸೌಟಿನ ಹಾಗೆ ಕಾಣಿಸಿಕೊಂಡಿದ್ದರು. ಹಿಡಿಯ ತುದಿಯಿಂದ ಎರಡನೆಯವನು ವಸಿಷ್ಠ, ಅವನಿಗೆ ತಾಗಿಕೊಂಡೇ ಪುಟ್ಟ ಅರುಂಧತಿ ಎಂದು ಬೆರಳೆತ್ತಿದೆ. ವಸಿಷ್ಠನಿದ್ದ. ಅರುಂಧತಿ ಇರಲಿಲ್ಲ.

ಕನ್ನಡಕ ಒರೆಸಿ ನೋಡಿದೆ. ಆಗಲೂ ಇಲ್ಲ. ಹೋದ ಬೇಸಿಗೆಯಲ್ಲಿ ಇದೇ ಜಾಗದಿಂದ ಕಂಡಿದ್ದಳು. ಅರುಂಧತಿ ಕಾಣದವರಿಗೆ ಉಳಿದಿರುವುದು ಆರೇ ತಿಂಗಳು ಎಂದು ಉಡುಪಿಯಲ್ಲಿ ನನ್ನಜ್ಜಿ ಹೇಳುತ್ತಿದ್ದಳು. ವಿಜ್ಞಾನ ಓದಿದ ನಾನು ಇಂಥದ್ದಕ್ಕೆಲ್ಲ ನಗುವವನು. ಅಂದು ನಗು ಬರಲಿಲ್ಲ. ಹಿಂದೆ ಸೈನಿಕರ ಕಣ್ಣು ಪರೀಕ್ಷಿಸಲು ಇದೇ ಜೋಡಿಯನ್ನು ತೋರಿಸುತ್ತಿದ್ದರೆಂದು ಎಲ್ಲೋ ಓದಿದ್ದೆ. ಹಾಗಾದರೆ ಇದು ಬರೀ ಕಣ್ಣಿನ ದೋಷ, ಇಲ್ಲವೇ ಪಾಮ್ ಬೀಚ್ ರಸ್ತೆಯ ದೀಪಗಳ ದೋಷ ಎಂದು ಸಮಾಧಾನ ಮಾಡಿಕೊಂಡೆ. ಎದೆ ಕೇಳಲಿಲ್ಲ. ಲೆಕ್ಕ ಹಾಕಿದರೆ ದೀಪಾವಳಿ ದಾಟುವುದೇ ಕಷ್ಟವಿತ್ತು.

ಅಷ್ಟರಲ್ಲಿ ಶಾರದೆಯ ಕಡೆ ನೋಡಿದೆ. ಕತ್ತು ಮೇಲೆತ್ತಿ, ಕಣ್ಣು ಕಿರಿದು ಮಾಡಿ ನಿಂತಿದ್ದಳು. ಇವಳಿಗೂ ಕಾಣದಿದ್ದರೆ? ನನ್ನ ಆರು ತಿಂಗಳು ಆ ಕ್ಷಣ ಮರೆತೇ ಹೋಯಿತು.

"ಕಾಣ್ತದಾ ನಿಂಗೆ?" ಎಂದೆ.

ತುಸು ತಡೆದು, "ಕಾಣ್ತದೆ. ನಿಮಗೆ?" ಎಂದಳು.

"ನಂಗೂ ಕಾಣ್ತದೆ."

ಡೊಂಬಿವಲಿಯ ಹಾಲ್‌ನಲ್ಲಿ ನಮ್ಮ ಮದುವೆಯಾದಾಗ, ನಡುಹಗಲಲ್ಲಿ, ಭಟ್ಟರು ಸೀಲಿಂಗ್ ಫ್ಯಾನಿನ ಕಡೆ ಕೈ ತೋರಿಸಿ ಅರುಂಧತಿ ಕಂಡಳೇ ಎಂದು ಕೇಳಿದ್ದರು. ಆಗಲೂ ಇಬ್ಬರೂ ಹೀಗೆಯೇ ಹೂಂ ಅಂದಿದ್ದೆವು. ಆದರೆ ಅಂದು ಇದ್ದದ್ದು ಹಸಿವು, ಹೆದರಿಕೆಯಲ್ಲ.

ಟೆರೇಸಿನಿಂದ ಇಳಿಯುವಾಗ ಅವಳು ನನ್ನ ತೋಳು ಹಿಡಿದುಕೊಂಡಳು. ಲಿಫ್ಟಿನಲ್ಲೂ ಬಿಡಲಿಲ್ಲ.

ಬೆಳಿಗ್ಗೆ ಅಡುಗೆಮನೆಯಲ್ಲಿ ಅವಳು ಮೆಲುದನಿಯಲ್ಲಿ ಫೋನ್ ಮಾಡುತ್ತಿದ್ದಳು. ಕಣ್ಣಿನ ಡಾಕ್ಟರರ ಅಪಾಯಿಂಟ್‌ಮೆಂಟ್ ಕೇಳುತ್ತಿದ್ದಳು. ಯಾರಿಗೆ ಎಂದು ಅತ್ತಲಿಂದ ವಿಚಾರಿಸಿರಬೇಕು. ಇಬ್ಬರಿಗೂ ಎಂದು ಮರಾಠಿಯಲ್ಲಿ ಹೇಳಿದಳು.

ಆಮೇಲೆ ಚಹಾ ತಂದಿಟ್ಟು, ನನ್ನ ಮುಖ ನೋಡದೆ, "ನಿಮ್ಮೊಟ್ಟಿಗೆ ಸುಮ್ಮನೆ ನಂದೂ ಬರೆಸಿದೆ" ಎಂದಳು.

ನಾನು ಮದುವೆಯ ದಿನದ ಹಾಗೆಯೇ ಹೂಂ ಅಂದೆ.