ಹೊಟ್ಟೆ ತುಂಬಿದ ಲಾರಿ

“ಇದಕ ಬ್ಯಾನಿ ಏನಿಲ್ಲ ಯವ್ವಾ. ಉಂಡದ್ದು ಹೆಚ್ಚಾಗೇತಿ, ಅಷ್ಟ. ಪೆಟ್ರೋಲ್ ಗಾಡಿ ಇದು. ಎಣ್ಣಿ ಒಂದ ಕುಡಿಸಿದ್ರ ಓಡಂಗಿಲ್ಲ, ಗಾಳಿನೂ ಬೇಕು. ಈಗ ಬೀಗರ ಮನ್ಯಾಗ ಹೋಳಿಗಿ ಉಂಡವನಂಗ ಆಗೇತಿ. ಬಡಿಸಾವ್ರು ಕೈ ಬಿಡಂಗಿಲ್ಲ, ಉಣ್ಣಾಂವ ಉಸರು ಬಿಡಂಗಿಲ್ಲ. ಅಂಥವನ್ನ ಎಬ್ಬಿಸಿ ಓಡು ಅಂದ್ರ ಓಡ್ತಾನೇನು? ಸ್ವಲ್ಪ ಹೊತ್ತು ಸುಮ್ಮನ ಬಿಡ್ರಿ. ಬುತ್ತಿ ಬಿಚ್ಚಿ ಒಂದೊಂದು ರೊಟ್ಟಿ ತಿನ್ರಿ. ಅಷ್ಟೊತ್ತಿಗೆ ಇದಕ ಉಸರು ಬರ್ತೈತಿ.”

ಇರಕಲ್ಲಗಡದ ವಿರುಪಣ್ಣ ತನ್ನ ಮನೆಯ ಮುಂದೆ ನಿಂತ ಲಾರಿಯ ಬಾನೆಟ್ ಎತ್ತಿ, ಅದರೊಳಗೆ ತಲೆ ಇಟ್ಟುಕೊಂಡೇ ಇಷ್ಟೂ ಹೇಳಿದ. ಹಿಂದೆ ಕುಳಿತವರು ಶ್ರೀರಾಮನಗರದ ಗದ್ದೆಗೆ ಸಸಿ ನಾಟಿ ಮಾಡಲು ಹೊರಟ ಹೆಂಗಸರು. ಮಿಲಿಟರಿಯವರು ಹರಾಜು ಹಾಕಿದ್ದ ಆ ಲಾರಿಯನ್ನು ವಿರುಪಣ್ಣ ಹರೆಯದಲ್ಲಿ ತಂದದ್ದು. ಮೊದಮೊದಲು ಅವನೂ ಸಿಟ್ಟಿನಿಂದ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸಾಯಿಸಿ, ಎತ್ತು ಕಟ್ಟಿ ಎಳೆಸಿಕೊಂಡವನೇ. ಸಿಟ್ಟು ಹೋಯಿತು, ಲಾರಿ ಉಳಿಯಿತು.

ಗುಂಪಿನ ಹಿರಿಯಳು ದುರಗಮ್ಮ. ಮತ್ತೊಮ್ಮೆ ತಡವಾದರೆ ಗದ್ದೆಯವರು ಕಾರಟಗಿಯ ಗುಂಪನ್ನು ಕರೆಸುತ್ತಾರೆ, ನಾಳೆ ಈ ಲಾರಿ ಕೈಕೊಟ್ಟರೆ ನಾವೂ ಊರಿನ ಫಾರೂಕನ ಹೊಸ ಗಾಡಿ ಹತ್ತುತ್ತೇವೆ ಎಂದು ಅವಳು ಹಿಂದಿನ ದಿನವೇ ಹೇಳಿದ್ದಳು. ಈ ಹೆಂಗಸರು ಹೋದರೆ ಲಾರಿಗೆ ಬೇರೆ ಬಾಡಿಗೆ ಇಲ್ಲ. ಗುಜರಿಯೇ ಗತಿ.

ವಿರುಪಣ್ಣನಿಗೆ ಬೆಳಿಗ್ಗೆ ಲಾರಿಯ ಬಾಗಿಲು ತೆಗೆದಾಗಲೇ ಪೆಟ್ರೋಲ್ ವಾಸನೆ ಮೂಗಿಗೆ ಬಡಿದಿತ್ತು. ಗಾಳಿ ತಡೆದು ಪೆಟ್ರೋಲ್ ಹೆಚ್ಚಿಸುವ ಚೋಕಿನ ಗುಬ್ಬಿ ಪೂರಾ ಹೊರಗಿತ್ತು. ಯಾರ ಕೈ ಎಂದು ತಿಳಿದಿತ್ತು. ಗುಬ್ಬಿಯನ್ನು ಒಳಗೆ ತಳ್ಳಿ ಸುಮ್ಮನಾಗಿದ್ದ.

ಅಷ್ಟರಲ್ಲಿ ಫಾರೂಕನ ಗಾಡಿ ಬಂದು ನಿಂತಿತು. ಅವನು ಹಾರ್ನ್ ಕೂಡ ಮಾಡಲಿಲ್ಲ, ನಕ್ಕ ಅಷ್ಟೇ. ಇಬ್ಬರು ಹೆಂಗಸರು ಬುತ್ತಿ ಗಂಟು ಹಿಡಿದು ಎದ್ದರು. ಮುದುಕನಿಗೂ ಲಾರಿಗೂ ಒಟ್ಟಿಗೇ ವಯಸ್ಸಾಯಿತು ಎಂದು ಒಬ್ಬಳು ಗೊಣಗಿದಳು. ಆಗ ಅವರ ನಡುವೆಯೇ ಕುಳಿತಿದ್ದ ವಿರುಪಣ್ಣನ ಹೆಂಡತಿ ಉಡಚಮ್ಮ ಬಾಯಿ ಬಿಟ್ಟಳು.

“ಅವರನ್ನ ಯಾಕ ಅಂತೀರಿ? ನಾನ ಒತ್ತೀನಿ. ಅವರ ಕಣ್ಣಿನ ಆಪರೇಷನ್ ಆಗೇತಿ, ಗಾಡಿ ಚಾಲೂ ಮಾಡಾಕ ತ್ರಾಸ ಆಗಬಾರದು ಅಂತ ನಸಿಕಿನ್ಯಾಗ ಹೋಗಿ ಗುಬ್ಬಿ ಎಳದು, ಕಾಲಿಲೆ ಎಕ್ಸಲೇಟರ್ ಒತ್ತಿ ಒತ್ತಿ ಬಂದೆ.”

“ಎಷ್ಟು ಸಲ ಒತ್ತಿದಿ ಅಕ್ಕಾ?” ದುರಗಮ್ಮ ಕೇಳಿದಳು.

“ಎಣಸಾಕ ಅದು ಜಪ ಐತೇನು? ರಾತ್ರಿಯೆಲ್ಲ ಹಸಗೊಂಡು ನಿಂತಿರ್ತೈತಿ ಅಂತ ಒಂದೀಟು ಹೆಚ್ಚ ಒತ್ತಿದೆ.”

ದುರಗಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. “ಒಮ್ಮೆ ಈಕಿ ಬಡಿಸಿದ್ದು ಉಂಡು ನಮ್ಮ ಅಳಿಯ ಸಂಜಿತನಕ ಎದ್ದಿದ್ದಿಲ್ಲ. ಇನ್ನ ಲಾರಿ ಏಳ್ತದೇನು?”

ನಗೆ ಲಾರಿಯ ತುಂಬ ಹರಡಿತು. ಎದ್ದ ಇಬ್ಬರೂ ಕುಳಿತರು. ರೊಟ್ಟಿ ಮುಗಿಯುವವರೆಗೆ ನೋಡುತ್ತೇವೆ, ಆಗದಿದ್ದರೆ ಫೋನ್ ಮಾಡುತ್ತೇನೆ ಎಂದು ದುರಗಮ್ಮ ಫಾರೂಕನನ್ನು ಕಳಿಸಿದಳು.

ವಿರುಪಣ್ಣ ಪ್ಲಗ್ಗುಗಳನ್ನು ಬಿಚ್ಚಿ, ಒರೆಸಿ, ಗಾಳಿಗೆ ಆರಿಸಿ ಮತ್ತೆ ಕೂಡಿಸಿದ. ಆಮೇಲೆ ಹೆಂಡತಿಯನ್ನೇ ಕರೆದು ಸ್ಟಿಯರಿಂಗಿನ ಮುಂದೆ ಕೂಡಿಸಿದ.

“ಚೋಕ್ ಮುಟ್ಟಬ್ಯಾಡ. ಕಾಲಿಲೆ ತಳಮಟ್ಟ ಒತ್ತಿ ಹಿಡಿ, ಎತ್ತಬ್ಯಾಡ.”

“ಮತ್ತ ಎಣ್ಣಿ ಸುರದಂಗ ಆಗಂಗಿಲ್ಲೇನ್ರಿ?”

“ಎತ್ತಿ ಎತ್ತಿ ಒತ್ತಿದ್ರ ಬಡಿಸಿದಂಗ. ಒಮ್ಮೆ ಒತ್ತಿ ಹಿಡದ್ರ ಬಾಯಿ ತಗದು ಗಾಳಿ ತಗೋತೈತಿ. ಹೂಂ, ಈಗ ಚಾವಿ ತಿರುವು.”

ಲಾರಿ ಕೆಮ್ಮಿತು, ಮತ್ತೆ ಕೆಮ್ಮಿತು. ಉಡಚಮ್ಮ ಕಣ್ಣು ಮುಚ್ಚಿದಳೇ ಹೊರತು ಕಾಲೆತ್ತಲಿಲ್ಲ. ಕರಿ ಹೊಗೆ ಭುಸ್ಸೆಂದಿತು, ಇಂಜಿನ್ ಶುರುವಾಯಿತು. ದುರಗಮ್ಮ ಬಾಯಲ್ಲಿದ್ದ ತುತ್ತು ನುಂಗಿ, ನಡಿಯಣ್ಣ ಎಂದಳು.

ಗದ್ದೆಯವರು ಎರಡು ಮಾತು ಆಡಿಕೊಂಡರೂ ಕೆಲಸ ಕೊಟ್ಟರು. ಹೆಂಗಸರು ಬಿಸಿಲಿಳಿದ ಮೇಲೂ ನಿಂತು ಉಳಿದ ಮಡಿಯ ನಾಟಿ ಮುಗಿಸಿದರು. ಊರಿಗೆ ಬಂದು ಇಳಿಯುವಾಗ ದುರಗಮ್ಮ, ನಾಳೆಯೂ ಇದರಲ್ಲೇ ಬರುತ್ತೇವೆ, ಉಡಚಕ್ಕನನ್ನು ಮಾತ್ರ ಮನೆಯೊಳಗೆ ಕಟ್ಟಿಹಾಕಿ ಮಲಗು ಎಂದು ಹೇಳಿ ಹೋದಳು.

ಉಡಚಮ್ಮ ತೊಟ್ಟಿಯಿಂದ ಕೊಡ ತುಂಬಿ ತಂದಳು. ವಿರುಪಣ್ಣ ಪಂಚೆ ಎತ್ತಿ ಕಟ್ಟಿ ಲಾರಿ ಹತ್ತಿದ. ಅವಳು ನೀರು ಹಾಕುತ್ತ ಹೋದಳು, ಅವನು ಹಲಗೆಗೆ ಹತ್ತಿದ ಗದ್ದೆಯ ಕೆಸರನ್ನು ಕಸಬರಿಗೆಯಿಂದ ತಿಕ್ಕುತ್ತ ಹೋದ.