ಗೆಲಾಕ್ಸಿಯ ಮೈಮೇಲೊಂದು ಉಬ್ಬು

ನಮ್ಮ ಚಿಕ್ಕಪ್ಪ ಇಪ್ಪತ್ತಾರು ವರ್ಷ ಒಂದೇ ಗೆಲಾಕ್ಸಿಯನ್ನು ನೋಡಿದರು. ದುರ್ಬೀನಿನಲ್ಲಲ್ಲ, ಅದು ತೆಗೆದ ಚಿತ್ರಗಳಲ್ಲಿ, ವೀಕ್ಷಣಾಲಯದ ಎರಡನೇ ಮಹಡಿಯಲ್ಲಿ, ಶೌಚಾಲಯದ ಪಕ್ಕದ ಕೋಣೆಯಲ್ಲಿ, ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ. ನಮ್ಮ ಗೆಲಾಕ್ಸಿಯನ್ನು ಸುತ್ತುವ ಆ ಚಿಕ್ಕ ಗೆಲಾಕ್ಸಿ ಎಲ್ಲಿ ಉಬ್ಬಿದೆ, ಎಲ್ಲಿ ತಗ್ಗಿದೆ ಎಂದು ಅಳೆದು ಕೊಡುವುದು ಅವರ ಕೆಲಸ. ನಕ್ಷೆಯ ಮೇಲೆ ವಿಜ್ಞಾನಿಗಳ ಹೆಸರು ಬರುತ್ತಿತ್ತು, ಚಿಕ್ಕಪ್ಪನ ಹೆಸರು ಹಾಜರಿ ಪುಸ್ತಕದಲ್ಲಿ.

ಕೆಲಸ ಹೇಳುವುದಕ್ಕೆ ಸುಲಭ. ಒಂದೇ ಜಾತಿಯ ನಕ್ಷತ್ರಗಳ ನಿಜವಾದ ಬೆಳಕು ಒಂದೇ ಸಮ. ಮಂಕಾಗಿ ಕಂಡದ್ದು ದೂರದಲ್ಲಿದೆ ಎಂದರ್ಥ. ಆದರೆ ನಡುವೆ ಧೂಳಿದ್ದರೂ ಮಂಕಾಗಿಯೇ ಕಾಣುತ್ತದೆ, ಕೊಂಚ ಕೆಂಪಗೂ. ಆ ಕೆಂಪು ನೋಡಿ ಧೂಳೆಷ್ಟೆಂದು ಅಳೆದು, ಅದನ್ನು ಕಳೆದು, ಆಮೇಲೆ ದೂರ ಹೇಳಬೇಕು. ಗೆಲಾಕ್ಸಿಯ ಚಿತ್ರವನ್ನು ನಾನೂರು ಚೌಕ ಮಾಡಿ, ಒಂದೊಂದಕ್ಕೂ ಹೀಗೆ. ಚಿಕ್ಕಪ್ಪ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದರು. ಮನೆಯ ಟಿವಿಯ ಮೇಲೆ ಬೆರಳಲ್ಲಿ ಬರೆಯುವಷ್ಟು ಧೂಳು ಕೂತರೂ ಈ ಮನುಷ್ಯನ ಕಣ್ಣಿಗೆ ಬೀಳುವುದಿಲ್ಲ ಎಂದು ಚಿಕ್ಕಮ್ಮ ಗೊಣಗುತ್ತಿದ್ದರು.

ಒಂದು ಚೌಕ ಮಾತ್ರ ಅಳೆಯಲಿಲ್ಲ. ನನ್ನ ಮದುವೆಗೆ ಹೊರಡುವ ಅವಸರದಲ್ಲಿ ಪಕ್ಕದ ಚೌಕದ ಧೂಳನ್ನೇ ಅದಕ್ಕೂ ಹಾಕಿದರು, ಬಂದಮೇಲೆ ಸರಿಮಾಡೋಣವೆಂದು. ಬಂದಮೇಲೆ ಮರೆತರು. ಪಕ್ಕದಲ್ಲಿ ಧೂಳು ಕಿಕ್ಕಿರಿದಿತ್ತು. ಇಲ್ಲಿ ಹೆಚ್ಚೇನೂ ಇರಲಿಲ್ಲ. ಇಲ್ಲದ ಧೂಳನ್ನು ಕಳೆದದ್ದರಿಂದ ಆ ನಕ್ಷತ್ರಗಳು, ಪಾಪ, ಇದ್ದುದಕ್ಕಿಂತ ಹತ್ತಿರ ಬಂದುಬಿಟ್ಟವು. ನಕ್ಷೆಯಲ್ಲಿ ಒಂದು ಉಬ್ಬು ಎದ್ದಿತು.

ಉಬ್ಬು ನೋಡಿ ಮೇಡಂ, ಅಂದರೆ ವಿಭಾಗದ ಮುಖ್ಯಸ್ಥೆ, ಕುಣಿದಾಡಿದರು. ಯಾವುದೋ ಗೆಲಾಕ್ಸಿ ಹಿಂದೊಮ್ಮೆ ಹತ್ತಿರ ಹಾದು ಜಗ್ಗಿದ್ದರಿಂದ ಎದ್ದದ್ದು ಎಂದು ಮೂರು ಲೇಖನ ಬರೆದರು. ಇಬ್ಬರು ಅದರ ಮೇಲೆ ಡಾಕ್ಟರೇಟ್ ಪಡೆದರು. ನನ್ನ ಮದುವೆಯಿಂದ ವಿಜ್ಞಾನಕ್ಕೆ ಇಷ್ಟಾದರೂ ಉಪಕಾರವಾಯಿತು.

ನಿವೃತ್ತಿಗೆ ಹತ್ತು ದಿನವಿರುವಾಗ, ಹಳೆಯ ಕಡತ ಒಪ್ಪಿಸಲು ಕೂತ ಚಿಕ್ಕಪ್ಪನಿಗೆ ಅಕ್ಕಪಕ್ಕದ ಎರಡು ಚೌಕಗಳಲ್ಲಿ ಧೂಳಿನ ಅಂಕಿ ಒಂದೇ ಕಂಡಿತು. ನನ್ನ ಮದುವೆಯ ಅವಸರ ಆಗ ನೆನಪಾಯಿತು. ಹೊಸ ನಕ್ಷೆಯಲ್ಲಿ ಕೊನೆಗೂ ಅವರ ಹೆಸರು ಸೇರಿಸುವುದಾಗಿ ಮೇಡಂ ಮಾತು ಕೊಟ್ಟಿದ್ದರು. ಬಾಯಿಬಿಟ್ಟರೆ ಅದು ಹೋದಂತೆಯೇ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೆಯ ದಿನ ಹೋಗಿ ಹೇಳಿಬಿಟ್ಟರು.

“ಇನ್ನೊಂದು ವಾರ ತಡ್ಕೊಳೋಕೆ ಆಗ್ಲಿಲ್ವೇನ್ರೀ ನಿಮ್ಗೆ?” ಎಂದರಂತೆ ಮೇಡಂ.

ಬೈದರೂ ಮುಚ್ಚಿಡಲಿಲ್ಲ. ಎಲ್ಲ ಚೌಕಗಳನ್ನೂ ಬೇರೆಯವರಿಂದ ಮತ್ತೆ ಅಳೆಸಿ ತಿದ್ದುಪಡಿ ಪ್ರಕಟಿಸಿದರು. ಹೊಸ ನಕ್ಷೆಯಲ್ಲಿ ಉಬ್ಬೂ ಇಲ್ಲ, ಚಿಕ್ಕಪ್ಪನ ಹೆಸರೂ ಇಲ್ಲ. ತಿದ್ದುಪಡಿಯಲ್ಲಿ ಮಾತ್ರ, ತಪ್ಪು ಯಾರದೆಂದು ಹೇಳುವ ಕಡೆ, ಪೂರ್ತಿ ಹೆಸರಿತ್ತು.

ನೋಡಲು ಹೋದ ನನ್ನ ಮುಂದೆ ಚಿಕ್ಕಮ್ಮ ಕೆಂಡವಾದರು. “ಇಷ್ಟು ವರ್ಷ ಬೆನ್ನು ಬಗ್ಗಿಸಿ ದುಡಿದ್ರಲ್ಲ, ಆಗ ಹೆಸ್ರು ನೆನಪಾಗ್ಲಿಲ್ಲ. ಒಂದ್ ತಪ್ಪು ಮಾಡಿದ್ ತಕ್ಷಣ ನೆನಪಾಯ್ತು!” ಎಂದು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕತೊಡಗಿದರು.

“ಅದರ ಮುಂದಿನ ಸಾಲು ಓದಮ್ಮ,” ಎಂದು ಚಿಕ್ಕಪ್ಪ ಕಾಗದವನ್ನು ನನ್ನ ಕೈಗಿತ್ತರು.

ಓದಿದೆ. ಉಳಿದ ಮುನ್ನೂರ ತೊಂಬತ್ತೊಂಬತ್ತು ಚೌಕಗಳನ್ನು ಮತ್ತೆ ಅಳೆದರೂ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ ಎಂದಿತ್ತು.

“ಇನ್ನೊಂದ್ಸಲ ಓದು,” ಎಂದರು. “ಜೋರಾಗಿ, ಒಳಗೆ ಅವಳಿಗೂ ಕೇಳೋ ಹಾಗೆ.”